ಕ್ಯಾನ್ಸರ್ ಕುತ್ತಿಗೆಗೆ ಇಳಿದಿದೆಯಾ ಅಂತ ರಕ್ತ ನೋಡಿ ಹೇಳಬಹುದಾ?

(ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿ ಹಾಗೇ ಬಿಟ್ಟಿದ್ದೀನಿ, ಕೊನೆಗೆ ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ರಿಗೂ ನಮಸ್ಕಾರ. ಇವತ್ತಿನ ವಿಷಯ ತಲೆ ಮತ್ತು ಕುತ್ತಿಗೆ ಕ್ಯಾನ್ಸರ್. ಹೆಸರು ಕೇಳಿ ತುಂಬ ಜನ ಮೆದುಳಿನ ಗಡ್ಡೆ ಅಂದ್ಕೋತಾರೆ, ಅದು ಇದ್ರಲ್ಲಿ ಸೇರಲ್ಲ. ಬಾಯಿ, ನಾಲಿಗೆ, ಕೆನ್ನೆ ಒಳಭಾಗ, ಟಾನ್ಸಿಲ್, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಹಿಂಭಾಗ ಇಲ್ಲೆಲ್ಲ ಬರೋ ಕ್ಯಾನ್ಸರ್‌ಗೆ ಒಟ್ಟಾಗಿ ಹಾಗೆ ಕರೀತೀವಿ. ಪ್ರಪಂಚದಲ್ಲಿ ವರ್ಷಕ್ಕೆ ಎಂಟೊಂಬತ್ತು ಲಕ್ಷ ಜನಕ್ಕೆ ಇದು ಬರತ್ತೆ. ತಂಬಾಕು, ಮದ್ಯ, ಅಡಿಕೆ, ಆಮೇಲೆ ಎಚ್‌ಪಿವಿ ಮತ್ತು ಇಬಿವಿ ಅನ್ನೋ ಎರಡು ವೈರಸ್, ಮುಖ್ಯ ಕಾರಣಗಳು ಇವೇ. ವೈರಸ್ ವಿಷಯ ಸ್ವಲ್ಪ ನೆನಪಲ್ಲಿಟ್ಕೊಳ್ಳಿ, ಮುಂದೆ ಇಡೀ ಕಥೆ ಅದರ ಮೇಲೇ ತಿರುಗತ್ತೆ.

ನಾನು ಈ ಭಾಗದ ಸರ್ಜನ್. ನಮ್ಮ ಓಪಿಡಿಯಲ್ಲಿ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ನೋಡೋ ಪರೀಕ್ಷೆ) ರಿಪೋರ್ಟ್ ಹಿಡ್ಕೊಂಡು ಬಂದವರು ಮೊದಲು ಕೇಳೋ ಪ್ರಶ್ನೆ ಒಂದೇ, "ಡಾಕ್ಟ್ರೇ, ಹರಡಿದೆಯಾ?" ಅದಕ್ಕೆ ಸರಿಯಾದ ಉತ್ತರ ಕೊಡೋದು ಎಷ್ಟು ಕಷ್ಟ ಅನ್ನೋದು ಕೇಳಿದವರಿಗೆ ಗೊತ್ತಿರಲ್ಲ. ಯಾಕಂದ್ರೆ ಚಿಕ್ಕ ಗಡ್ಡೆ, ಕೈಯಲ್ಲಿ ಮುಟ್ಟಿ ನೋಡಿದ್ರೆ ಕುತ್ತಿಗೆಯಲ್ಲಿ ಏನೂ ಸಿಗಲ್ಲ, ಸ್ಕ್ಯಾನ್ ಕೂಡ ಕ್ಲೀನ್, ಅಂಥವರಲ್ಲೂ ಆಪರೇಷನ್ ಮಾಡಿ ಕುತ್ತಿಗೆಯ ಗಂಟುಗಳನ್ನ (ಲಿಂಫ್ ನೋಡ್ ಅಂತೀವಲ್ಲ, ದೇಹದಲ್ಲಿ ಸಹಜವಾಗೇ ಇರೋ ಸಣ್ಣ ಗ್ರಂಥಿಗಳು) ತೆಗೆದು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ನೂರರಲ್ಲಿ ಇಪ್ಪತ್ತರಿಂದ ಮೂವತ್ತು ಜನರಿಗೆ ಆಗ್ಲೇ ಕ್ಯಾನ್ಸರ್ ಅಲ್ಲಿ ಹೋಗಿ ಕೂತಿರತ್ತೆ. ಬಾಯಿ ಕ್ಯಾನ್ಸರ್ ಬಗ್ಗೆ ಹೇಳ್ತಿರೋ ಲೆಕ್ಕ ಇದು.

ಅದನ್ನ ಸ್ಕ್ಯಾನ್ ಯಾಕೆ ಹಿಡಿಯಲ್ಲ ಅಂತ ಕೇಳ್ತೀರಾ. ಸಿಟಿ ಸ್ಕ್ಯಾನಲ್ಲಿ ನಾವು ಒಂದು ಲಿಂಫ್ ನೋಡ್ ಮೇಲೆ ಅನುಮಾನ ಪಡೋದು ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ದಾಟಿದ ಮೇಲೆ, ಇಲ್ಲಾಂದ್ರೆ ಅದರ ಆಕಾರ ಕೆಟ್ಟಿದ್ರೆ, ಮಧ್ಯದಲ್ಲಿ ಕೊಳೆತ ಹಾಗೆ ಕಂಡ್ರೆ. ಪೆಟ್ ಸ್ಕ್ಯಾನ್‌ಗೂ ನಾಲ್ಕೈದು ಮಿಲಿಮೀಟರ್‌ಗಿಂತ ಚಿಕ್ಕದು ಕಾಣ್ಸೋದು ಕಷ್ಟ. ಆದ್ರೆ ಪೆಥಾಲಜಿಯಲ್ಲಿ ಮೈಕ್ರೋಮೆಟಾಸ್ಟಾಸಿಸ್ ಅಂತ ಬರೀತಾರಲ್ಲ, ಅದು ಎರಡು ಮಿಲಿಮೀಟರ್ ಒಳಗಿನದು. ಗಂಟು ಹೊರಗಿಂದ ಪೂರ್ತಿ ನಾರ್ಮಲ್, ಒಳಗೆ ಅಂಚಿನಲ್ಲಿ ಸಣ್ಣದೊಂದು ಗುಂಪು ಕೋಶ, ಅಷ್ಟೇ. ಇಂಥದ್ದನ್ನ ಯಾವ ಮೆಷಿನ್ನೂ ಹೊರಗಿಂದ ತೋರ್ಸಲ್ಲ.

ಹಂಗಾಗಿ ಏನ್ಮಾಡ್ತೀವಿ? ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡ್ತೀವಿ. ಮೂರ್ನಾಲ್ಕು ಮಿಲಿಮೀಟರ್ ಆಳ ದಾಟಿದ್ರೆ ಕುತ್ತಿಗೆಯಲ್ಲಿ ಏನೂ ಸಿಗದಿದ್ರೂ ಗಂಟುಗಳನ್ನ ತೆಗೆದುಬಿಡಿ ಅಂತ ಸಲಹೆ ಕೊಡ್ತೀವಿ. ಇದು ಸುಮ್ನೆ ಹೆದರಿಕೆಯಿಂದ ಮಾಡೋದಲ್ಲ, ಇದಕ್ಕೆ ಗಟ್ಟಿ ಆಧಾರ ಇದೆ. 2015ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯ ದೊಡ್ಡ ಟ್ರಯಲ್ ಬಂತು, ಶುರುವಿನ ಹಂತದ ಬಾಯಿ ಕ್ಯಾನ್ಸರ್ ಇದ್ದವರಲ್ಲಿ ಅರ್ಧ ಜನಕ್ಕೆ ಮೊದಲೇ ಕುತ್ತಿಗೆ ಆಪರೇಷನ್, ಇನ್ನರ್ಧ ಜನಕ್ಕೆ ಗಂಟು ಕಾಣಿಸಿಕೊಂಡ ಮೇಲೆ ಆಪರೇಷನ್. ಮೂರು ವರ್ಷ ಆದ್ಮೇಲೆ ಬದುಕಿದ್ದವರು ಮೊದಲನೇ ಗುಂಪಲ್ಲಿ 80 ಪರ್ಸೆಂಟ್, ಎರಡನೇ ಗುಂಪಲ್ಲಿ 67.5 ಪರ್ಸೆಂಟ್. ಕಾಯೋದಕ್ಕೆ ಕೊಡೋ ಬೆಲೆ ಅಷ್ಟು ದೊಡ್ಡದು.

ಆದ್ರೆ ಇದೇ ಲೆಕ್ಕಾನ ಇನ್ನೊಂದು ಕಡೆಯಿಂದ ನೋಡಿ. ಮೂವತ್ತು ಜನಕ್ಕೆ ಬೇಕಿತ್ತು ಅಂತ ನೂರು ಜನರ ಕುತ್ತಿಗೆ ತೆರೀತೀವಿ, ಉಳಿದ ಎಪ್ಪತ್ತು ಜನರಲ್ಲಿ ತೆಗೆದ ಗಂಟುಗಳಲ್ಲಿ ಏನೂ ಇರಲ್ಲ. ಅವರಿಗೆ ಭುಜ ಎತ್ತೋ ನರ ಎಳೆದಾಡಿ ಸುಸ್ತಾಗಿರತ್ತೆ, ಕೈ ಮೇಲೆತ್ತಿ ತಲೆ ಬಾಚ್ಕೊಳ್ಳೋಕೆ ಆಗ್ದೇ ತಿಂಗಳುಗಟ್ಟಲೆ ಫಿಸಿಯೋಥೆರಪಿ ಮಾಡೋರಿದ್ದಾರೆ, ಕಿವಿ ಕೆಳಗೆ ಕುತ್ತಿಗೆ ಚರ್ಮ ಮರಗಟ್ಟಿರತ್ತೆ, ಮುಖ ಊದ್ಕೊಳ್ಳೋದು ಉಂಟು. ಈ ಎಪ್ಪತ್ತು ಜನರನ್ನ ಮೊದಲೇ ಗುರುತಿಸೋಕೆ ಆದ್ರೆ? ರಕ್ತ ಪರೀಕ್ಷೆ ಮೇಲೆ ನಮಗೆಲ್ಲ ಇಷ್ಟೊಂದು ಆಸೆ ಇರೋದು ಇದಕ್ಕೇ.

ಈಗ ರಕ್ತದಲ್ಲಿ ಹುಡುಕೋಕೆ ಏನಿದೆ ಅಂತ ನೋಡೋಣ.

ಮೊದಲನೇದು ಕ್ಯಾನ್ಸರ್ ಕೋಶಗಳೇ. 1869ರಲ್ಲಿ ಆಸ್ಟ್ರೇಲಿಯಾದಲ್ಲಿ ಥಾಮಸ್ ಆಶ್‌ವರ್ತ್ ಅನ್ನೋ ವೈದ್ಯರು ಕ್ಯಾನ್ಸರಿಂದ ತೀರಿಕೊಂಡ ಒಬ್ಬ ರೋಗಿಯ ರಕ್ತವನ್ನ ಮೈಕ್ರೋಸ್ಕೋಪಲ್ಲಿ ಇಟ್ಟು ನೋಡ್ದಾಗ ಗಡ್ಡೆಯಲ್ಲಿದ್ದಂಥದೇ ಕೋಶಗಳು ಅಲ್ಲೂ ಕಂಡವು, ಅದನ್ನ ಅವರು ಬರೆದಿಟ್ರು. ಅಂದ್ರೆ ಈ ವಿಷಯ ಗೊತ್ತಾಗಿ ನೂರೈವತ್ತು ವರ್ಷ ದಾಟಿದೆ, ಆದ್ರೂ ದಿನನಿತ್ಯದ ಚಿಕಿತ್ಸೆಗೆ ಇನ್ನೂ ಪೂರ್ತಿ ಬಂದಿಲ್ಲ. ಯಾಕೆ ಅಂತ ಒಂದು ಎಂಎಲ್ ರಕ್ತ ತಗೊಂಡು ಲೆಕ್ಕ ಹಾಕಿ ನೋಡಿ. ಅದ್ರಲ್ಲಿ ಸುಮಾರು 500 ಕೋಟಿ ಕೆಂಪು ರಕ್ತಕಣ, 40 ಲಕ್ಷದಿಂದ ಒಂದು ಕೋಟಿ ಬಿಳಿ ರಕ್ತಕಣ, ಇವುಗಳ ನಡುವೆ ಕ್ಯಾನ್ಸರ್ ಕೋಶ ಇದ್ರೆ ಒಂದೋ ಎರಡೋ, ಎಷ್ಟೋ ಸಲ ಒಂದೂ ಇರಲ್ಲ. ಗಡ್ಡೆ ಬಿಟ್ಟು ರಕ್ತಕ್ಕೆ ಬಂದ ಕೋಶ ಹೆಚ್ಚಿನದು ಅಲ್ಲೇ ಸಾಯತ್ತೆ, ಹಿಡ್ಕೊಳ್ಳೋಕೆ ಏನೂ ಸಿಗದೆ, ರಕ್ತದ ರಭಸಕ್ಕೆ ಸಿಕ್ಕಿ, ನಮ್ಮ ರೋಗನಿರೋಧಕ ಕೋಶಗಳ ಬಾಯಿಗೆ ಬಿದ್ದು. ಬದುಕಿ ಉಳಿದು ಇನ್ನೊಂದು ಜಾಗದಲ್ಲಿ ಬೇರು ಬಿಡೋದು ಎಲ್ಲೋ ಕೆಲವು. 1889ರಲ್ಲಿ ಸ್ಟೀಫನ್ ಪೇಜೆಟ್ ಅನ್ನೋ ಇಂಗ್ಲೆಂಡಿನ ಸರ್ಜನ್ ಇದನ್ನ ಬೀಜ ಮತ್ತು ಮಣ್ಣು ಅಂತ ಹೋಲಿಸಿದ್ರು, ಬೀಜ ಎಲ್ಲ ಕಡೆ ಬೀಳತ್ತೆ, ಆದ್ರೆ ಹೊಂದೋ ಮಣ್ಣಲ್ಲಿ ಮಾತ್ರ ಮೊಳೆಯತ್ತೆ ಅಂತ. ಆ ಮಾತು ಇವತ್ತಿಗೂ ನಿಂತಿದೆ. ಹಂಗಾಗಿ ರಕ್ತದಲ್ಲಿ ಕೋಶ ಸಿಕ್ತು ಅಂದ ಮಾತ್ರಕ್ಕೆ ಶ್ವಾಸಕೋಶಕ್ಕೆ ಹರಡೇ ಬಿಡತ್ತೆ ಅಂತ ಹೇಳೋಕಾಗಲ್ಲ, ಆದ್ರೆ ಸಿಕ್ಕವರಲ್ಲಿ ಒಟ್ಟಾರೆ ಕಾಯಿಲೆ ಮರುಕಳಿಸೋದು ಜಾಸ್ತಿ ಅನ್ನೋದು ಮಾತ್ರ ಬೇರೆ ಬೇರೆ ಸ್ಟಡಿಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಇನ್ನೊಂದು ಸ್ವಾರಸ್ಯ ಇದೆ ಇದ್ರಲ್ಲಿ. ಒಂಟಿ ಕೋಶಕ್ಕಿಂತ ಎರಡು ಮೂರು ಕೋಶ ಒಟ್ಟಿಗೆ ಅಂಟ್ಕೊಂಡು ಗುಂಪಾಗಿ ತಿರುಗೋದು ಬಹಳ ಅಪರೂಪ, ಆದ್ರೆ ಅದು ಎಷ್ಟೋ ಪಟ್ಟು ಹೆಚ್ಚು ಅಪಾಯ. 2014ರಲ್ಲಿ ಸ್ತನ ಕ್ಯಾನ್ಸರ್ ಬಗ್ಗೆ ಇಲಿಗಳಲ್ಲಿ ಮಾಡಿದ ಒಂದು ಕೆಲಸದಲ್ಲಿ ಇಂಥ ಗುಂಪುಗಳು ಹೊಸ ಜಾಗದಲ್ಲಿ ಗಡ್ಡೆ ಕಟ್ಟೋ ಶಕ್ತಿ ಒಂಟಿ ಕೋಶಕ್ಕಿಂತ 23ರಿಂದ 50 ಪಟ್ಟು ಅಂತ ಬಂತು. ಅದಕ್ಕೇ ಈಗ ತಲೆ-ಕುತ್ತಿಗೆ ಕ್ಯಾನ್ಸರಲ್ಲೂ ಬರೀ ಎಷ್ಟು ಕೋಶ ಅಂತ ಎಣಿಸೋದು ಬಿಟ್ಟು ಗುಂಪಿದೆಯಾ, ಆ ಕೋಶದ ಮೇಲೆ ಯಾವ ಪ್ರೋಟೀನ್ ಇದೆ ಅಂತೆಲ್ಲ ನೋಡ್ತಿದ್ದಾರೆ. ಹಿಡಿಯೋ ವಿಧಾನದಲ್ಲೂ ಒಂದು ತೊಡಕಿತ್ತು. ಮೊದಲಿಂದ ಚಾಲ್ತಿಯಲ್ಲಿರೋ ಮೆಷಿನ್ ಕೋಶದ ಹೊರಮೈಯಲ್ಲಿರೋ ಎಪ್‌ಕ್ಯಾಮ್ ಅನ್ನೋ ಪ್ರೋಟೀನನ್ನ ಹಿಡ್ಕೊಂಡು ಕೋಶಾನ ಎಳೆಯತ್ತೆ, ಆದ್ರೆ ಹರಡೋಕೆ ಹೊರಟ ಕೋಶ ತನ್ನ ರೂಪ ಬದಲಾಯಿಸ್ಕೊಂಡು ಆ ಪ್ರೋಟೀನನ್ನೇ ಕಡಿಮೆ ಮಾಡ್ಕೊಂಡಿರತ್ತೆ, ಅಂದ್ರೆ ನಮಗೆ ಯಾವ ಕೋಶ ಬೇಕೋ ಅದೇ ತಪ್ಪಿಸ್ಕೊಳ್ಳತ್ತೆ. ಅದಕ್ಕೆ ಈಗ ಗಾತ್ರ ನೋಡಿ ಬೇರ್ಪಡಿಸೋ ಸಣ್ಣ ಚಿಪ್‌ಗಳು ಬಂದಿವೆ, ರಕ್ತಾನ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿ ಹರಿಸಿದಾಗ ದೊಡ್ಡ ಕೋಶ ಒಂದು ಕಡೆ, ಸಣ್ಣದು ಇನ್ನೊಂದು ಕಡೆ ಹೋಗತ್ತೆ. ಒಳ್ಳೆ ಐಡಿಯಾ. ಆದ್ರೆ ಒಂದು ಲ್ಯಾಬಿನ ವಿಧಾನಕ್ಕೂ ಇನ್ನೊಂದು ಲ್ಯಾಬಿನ ವಿಧಾನಕ್ಕೂ ಸಿಗೋ ಲೆಕ್ಕ ತಾಳೆ ಆಗಲ್ಲ, ಅದು ಸರಿ ಹೋಗೋವರೆಗೂ ಈ ಟೆಸ್ಟ್ ನಂಬಿ ಯಾರ ಕುತ್ತಿಗೆ ಆಪರೇಷನ್ನೂ ಬೇಡ ಅನ್ನೋ ಧೈರ್ಯ ನನಗಿಲ್ಲ.

ಎರಡನೇದು ಡಿಎನ್‌ಎ ಚೂರುಗಳು. ಕೋಶ ಸತ್ತಾಗ ಅದರ ಡಿಎನ್‌ಎ ತುಂಡಾಗಿ ರಕ್ತಕ್ಕೆ ಸೇರತ್ತೆ, ಎಲ್ರ ರಕ್ತದಲ್ಲೂ ಇರತ್ತೆ, 1948ರಲ್ಲೇ ಇದನ್ನ ಫ್ರಾನ್ಸಿನಲ್ಲಿ ಗುರುತಿಸಿದ್ರು. ಕ್ಯಾನ್ಸರ್ ಇದ್ದವರಲ್ಲಿ ಅದರ ಒಂದು ಪಾಲು ಗಡ್ಡೆಯಿಂದ ಬಂದಿರತ್ತೆ. ಇದರ ಒಂದು ಒಳ್ಳೆ ಗುಣ ಅಂದ್ರೆ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಲ್ಲ, ಒಂದೆರಡು ಗಂಟೆಯೊಳಗೆ ಅರ್ಧಕ್ಕಿಳಿಯತ್ತೆ, ಆದ್ರಿಂದ ಇವತ್ತು ಸಿಕ್ಕಿದ್ದು ಇವತ್ತಿನದೇ, ಹೋದ ತಿಂಗಳ ಹಳೇ ಕಸ ಅಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಬೋರ್ ಆಗಲ್ಲ, ಯಾಕಂದ್ರೆ ಈ ಟೆಸ್ಟಿನ ಮಿತಿ ಎಲ್ಲಿದೆ ಅಂತ ಇದೊಂದೇ ಲೆಕ್ಕದಲ್ಲಿ ಕಾಣತ್ತೆ. ನಿಮ್ಮ ಕೈಯಿಂದ 10 ಎಂಎಲ್ ರಕ್ತ ತೆಗೀತೀವಿ. ಸೆಂಟ್ರಿಫ್ಯೂಜಲ್ಲಿ ತಿರುಗಿಸಿದ್ರೆ ಮೇಲೆ ಹಳದಿ ಪ್ಲಾಸ್ಮಾ ನಾಲ್ಕೈದು ಎಂಎಲ್ ಸಿಗತ್ತೆ. ಅದ್ರಿಂದ ಡಿಎನ್‌ಎ ತೆಗೆದ್ರೆ ಒಟ್ಟು ಸುಮಾರು 30 ನ್ಯಾನೋಗ್ರಾಂ ಅಂತ ಇಟ್ಕೊಳ್ಳಿ. ಒಂದು ಪೂರ್ತಿ ಜೀನೋಮ್ ಪ್ರತಿ, ಅಂದ್ರೆ ಡಿಎನ್‌ಎಯ ಒಂದು ಪೂರ್ತಿ ಸೆಟ್, 3.3 ಪಿಕೋಗ್ರಾಂ (ಸಾವಿರ ಪಿಕೋಗ್ರಾಂ ಸೇರಿದ್ರೆ ಒಂದು ನ್ಯಾನೋಗ್ರಾಂ), ಅಲ್ಲಿಗೆ ನಮ್ಮ ಟ್ಯೂಬಲ್ಲಿರೋದು ಸುಮಾರು 9,000 ಪ್ರತಿ. ಚಿಕ್ಕ ಗಡ್ಡೆ, ಅಥವಾ ಆಪರೇಷನ್ ಆದ್ಮೇಲೆ ಉಳಿದಿರೋ ಕಣದಷ್ಟು ಕಾಯಿಲೆ, ಇಂಥದ್ರಿಂದ ಬರೋದು ಹತ್ತು ಸಾವಿರಕ್ಕೆ ಒಂದು ಅಂದ್ರೂ ಆ ಇಡೀ ಟ್ಯೂಬಲ್ಲಿ ನಾವು ಹುಡುಕ್ತಿರೋ ಮ್ಯುಟೇಷನ್ (ಡಿಎನ್‌ಎಯಲ್ಲಿ ಆದ ಬದಲಾವಣೆ) ಇರೋ ಚೂರು ಒಂದೇ ಒಂದು ಇರಬಹುದು, ಇಲ್ದೇನೂ ಇರಬಹುದು. ಮೆಷಿನ್ ಎಷ್ಟೇ ಒಳ್ಳೇದಿದ್ರೂ ಟ್ಯೂಬಲ್ಲೇ ಇಲ್ದಿರೋದನ್ನ ಹೆಂಗೆ ತೋರ್ಸತ್ತೆ? ಇದಕ್ಕೆ ಕಂಡ್ಕೊಂಡ ಉಪಾಯ ಏನಂದ್ರೆ, ಮೊದಲು ಗಡ್ಡೆಯನ್ನೇ ಸೀಕ್ವೆನ್ಸ್ ಮಾಡಿ, ಅಂದ್ರೆ ಅದರ ಡಿಎನ್‌ಎ ಪೂರ್ತಿ ಓದಿ, ಆ ರೋಗಿಯ ಗಡ್ಡೆಗೆ ಮಾತ್ರ ಇರೋ ಹತ್ತಾರು ಮ್ಯುಟೇಷನ್‌ಗಳ ಪಟ್ಟಿ ಮಾಡ್ಕೊಳ್ಳೋದು, ಆಮೇಲೆ ರಕ್ತದಲ್ಲಿ ಎಲ್ಲಾನೂ ಒಟ್ಟಿಗೆ ಹುಡುಕೋದು. ಒಂದು ತಪ್ಪಿದ್ರೆ ಇನ್ನೊಂದು ಸಿಗತ್ತೆ. 2022ರಲ್ಲಿ ಬಂದ ಲಯನೆಸ್ ಅನ್ನೋ ಸ್ಟಡಿಯಲ್ಲಿ ಹೀಗೇ ಮಾಡಿದ್ರು, ಆಪರೇಷನ್‌ಗೆ ಮುಂಚೆ 17 ರೋಗಿಗಳಲ್ಲಿ 17 ಜನರಲ್ಲೂ ಸಿಕ್ತು, ಆಪರೇಷನ್ ಆದ್ಮೇಲೆ ಹತ್ತು ಲಕ್ಷಕ್ಕೆ ಆರರಷ್ಟು ಕಡಿಮೆ ಪ್ರಮಾಣನೂ ಹಿಡೀತು, ಕಾಯಿಲೆ ಮರುಕಳಿಸಿದವರಲ್ಲೆಲ್ಲ ವೈದ್ಯರ ಕಣ್ಣಿಗೆ ಕಾಣೋಕೆ 108ರಿಂದ 253 ದಿನ ಮುಂಚೆನೇ ರಕ್ತದಲ್ಲಿ ಕಂಡಿತ್ತು. ಹದಿನೇಳು ಜನ ಅಂದ್ರೆ ಚಿಕ್ಕ ಸ್ಟಡಿ, ನಿಜ. ಆದ್ರೂ ಅದನ್ನ ಓದ್ದಾಗ ನನಗೆ ನಿಜಕ್ಕೂ ಖುಷಿ ಆಯ್ತು, ಯಾಕಂದ್ರೆ ಅದು ವೈರಸ್ ಇಲ್ಲದ ಕ್ಯಾನ್ಸರಲ್ಲಿ ಮಾಡಿದ್ದು, ನಮಗೆ ಅತಿ ಕಷ್ಟ ಕೊಡೋದು ಅದೇ.

ರಕ್ತ ತೆಗೆಯೋ ರೀತಿನೂ ಇಲ್ಲಿ ದೊಡ್ಡ ವಿಷಯ. ಮಾಮೂಲಿ ನೇರಳೆ ಮುಚ್ಚಳದ ಟ್ಯೂಬಲ್ಲಿ ತೆಗೆದು ಸಂಜೆವರೆಗೆ ಮೇಜಿನ ಮೇಲೆ ಬಿಟ್ರೆ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್‌ಎ ಎಲ್ಲ ಪ್ಲಾಸ್ಮಾಗೆ ಸೇರತ್ತೆ, ಗಡ್ಡೆ ಪಾಲು ಇನ್ನೂ ತೆಳ್ಳಗಾಗತ್ತೆ. ಕೆಲವೇ ಗಂಟೆಯೊಳಗೆ ತಿರುಗಿಸಬೇಕು, ಅದೂ ಎರಡು ಸಲ, ಇಲ್ಲಾಂದ್ರೆ ಕೋಶ ಒಡೆಯದ ಹಾಗೆ ಕಾಪಾಡೋ ಬೇರೆ ಟ್ಯೂಬ್ ಬೇಕು. ಆಪರೇಷನ್ ಆದ ಮರುದಿನಾನೇ ತೆಗೆದ್ರೂ ಕಷ್ಟ, ಗಾಯದಿಂದ ಬರೋ ನಾರ್ಮಲ್ ಡಿಎನ್‌ಎ ತುಂಬ್ಕೊಂಡಿರತ್ತೆ, ಅದಕ್ಕೆ ಕೆಲವು ವಾರ ಬಿಟ್ಟು ತೆಗೀತಾರೆ. ವಯಸ್ಸಾದವರಲ್ಲಿ ಬಿಳಿ ರಕ್ತಕಣಗಳೇ ಸ್ವಂತವಾಗಿ ಮ್ಯುಟೇಷನ್ ಬೆಳೆಸ್ಕೊಂಡಿರತ್ವೆ, ಕ್ಯಾನ್ಸರಲ್ಲಿ ಹೆಚ್ಚಾಗಿ ಕೆಡೋ ಟಿಪಿ53 ಅನ್ನೋ ಜೀನಲ್ಲೂ ಆಗಬಹುದು, ಅದನ್ನ ಕ್ಯಾನ್ಸರ್ ಅಂತ ತಪ್ಪು ತಿಳ್ಕೊಳ್ಳದೆ ಇರೋಕೆ ರಕ್ತಕಣದ ಡಿಎನ್‌ಎನೂ ಜೊತೆಗೆ ಓದಿ ಹೋಲಿಸಬೇಕು.

ಮೂರನೇದು ಎಲ್ರಿಗೂ ಗೊತ್ತಿರೋ ಸಿಬಿಸಿ, ರಕ್ತಕಣ ಎಣಿಸೋ ಮಾಮೂಲಿ ಟೆಸ್ಟ್. ಅದ್ರಲ್ಲಿ ನ್ಯೂಟ್ರೋಫಿಲ್, ಲಿಂಫೋಸೈಟ್ ಅಂತ ಎರಡು ಥರದ ಬಿಳಿ ರಕ್ತಕಣ ಇರತ್ತೆ, ನ್ಯೂಟ್ರೋಫಿಲ್ ಸಂಖ್ಯೆನ ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿದ್ರೆ ಒಂದು ಅನುಪಾತ ಬರತ್ತೆ, ಉದಾಹರಣೆಗೆ 6,000ಕ್ಕೆ 1,500 ಅಂದ್ರೆ 4. ಇದು ಜಾಸ್ತಿ ಇದ್ದವರಲ್ಲಿ ಫಲಿತಾಂಶ ಸ್ವಲ್ಪ ಕೆಟ್ಟದು ಅಂತ ಸಾವಿರಾರು ರೋಗಿಗಳ ದಾಖಲೆಗಳಲ್ಲಿ ಕಂಡಿದೆ. ಆದ್ರೆ ಹಲ್ಲಿನ ಸೋಂಕು, ಜ್ವರ, ಸ್ಟೀರಾಯ್ಡ್ ಮಾತ್ರೆ, ಏನಿದ್ರೂ ಅದು ಏರತ್ತೆ, ಬಾಯಲ್ಲಿ ಹುಣ್ಣಾಗಿರೋ ಗಡ್ಡೆಗೆ ಸೋಂಕು ಇದ್ದೇ ಇರತ್ತೆ. ಗುಂಪಿನ ಬಗ್ಗೆ ಏನೋ ಹೇಳತ್ತೆ, ಒಬ್ಬ ವ್ಯಕ್ತಿಯ ಕುತ್ತಿಗೆ ಬಗ್ಗೆ ನಿರ್ಧಾರ ಮಾಡೋಕೆ ಸಾಲಲ್ಲ. ಎಸ್‌ಸಿಸಿ ಆ್ಯಂಟಿಜೆನ್, ಸಿಫ್ರಾ ಅನ್ನೋ ಟ್ಯೂಮರ್ ಮಾರ್ಕರ್‌ಗಳ (ಗಡ್ಡೆ ಇದ್ದಾಗ ರಕ್ತದಲ್ಲಿ ಏರಬಹುದಾದ ಪ್ರೋಟೀನ್‌ಗಳು) ಕಥೆನೂ ಹೆಚ್ಚುಕಮ್ಮಿ ಇದೇ.

ಈಗ ವೈರಸ್ ವಿಷಯಕ್ಕೆ ಬರ್ತೀನಿ, ಆಗ್ಲೇ ಹೇಳಿದ್ನಲ್ಲ. ವೈರಸ್ಸಿಂದ ಬಂದ ಕ್ಯಾನ್ಸರಲ್ಲಿ ರಕ್ತ ಪರೀಕ್ಷೆ ನಿಜವಾಗ್ಲೂ ಕೆಲಸ ಮಾಡ್ತಿದೆ, ಕಾರಣ ಸರಳ. ಗಡ್ಡೆಯ ಪ್ರತಿ ಕೋಶದಲ್ಲೂ ವೈರಸ್ಸಿನ ಡಿಎನ್‌ಎ ಹಲವು ಪ್ರತಿ ಇರತ್ತೆ, ಅದು ಮನುಷ್ಯರ ಡಿಎನ್‌ಎಗಿಂತ ಪೂರ್ತಿ ಬೇರೆ, ಹಂಗಾಗಿ ಗುರುತು ಹಿಡಿಯೋದು ಸುಲಭ. ಮೂಗಿನ ಹಿಂಭಾಗದ ಕ್ಯಾನ್ಸರ್‌ಗೆ ಇಬಿವಿ ಕಾರಣ. ಹಾಂಗ್‌ಕಾಂಗಿನಲ್ಲಿ ಡೆನ್ನಿಸ್ ಲೋ ಅವರ ತಂಡ 1999ರಲ್ಲೇ ಇಬಿವಿ ಡಿಎನ್‌ಎಯನ್ನ ಪ್ಲಾಸ್ಮಾದಲ್ಲಿ ಅಳೆದು ತೋರಿಸ್ತು. ಇದೇ ಲೋ ಅವರು 1997ರಲ್ಲಿ ಗರ್ಭಿಣಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಕಂಡುಹಿಡಿದವರು. ಆಮೇಲೆ 2017ರಲ್ಲಿ ಯಾವ ತೊಂದರೆನೂ ಇಲ್ಲದ 20,174 ಗಂಡಸರ ರಕ್ತ ಪರೀಕ್ಷೆ ಮಾಡಿದ ಫಲಿತಾಂಶ ಬಂತು, 34 ಜನರಲ್ಲಿ ಕ್ಯಾನ್ಸರ್ ಸಿಕ್ತು, ಅದ್ರಲ್ಲಿ 71 ಪರ್ಸೆಂಟ್ ಮೊದಲೆರಡು ಹಂತದಲ್ಲೇ ಇದ್ದದ್ದು, ಮಾಮೂಲಿಯಾಗಿ ಅಲ್ಲಿ ಅಷ್ಟು ಬೇಗ ಸಿಗ್ತಿದ್ದದ್ದು 20 ಪರ್ಸೆಂಟ್ ಮಾತ್ರ.

ಟಾನ್ಸಿಲ್ ಮತ್ತೆ ನಾಲಿಗೆ ಬುಡದ ಎಚ್‌ಪಿವಿ ಕ್ಯಾನ್ಸರಲ್ಲೂ ಹಾಗೇ. 2020ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಸ್ಟಡಿಯಲ್ಲಿ ಕೀಮೋ-ರೇಡಿಯೇಷನ್ ಮುಗಿಸಿದ 115 ಜನರ ರಕ್ತಾನ ಆಗಾಗ ತೆಗೆದು ನೋಡಿದ್ರು. 87 ಜನರಲ್ಲಿ ಒಂದು ಸಲಾನೂ ವೈರಸ್ ಡಿಎನ್‌ಎ ಕಾಣ್ಲಿಲ್ಲ, ಅವರಲ್ಲಿ ಒಬ್ಬರಿಗೂ ಕಾಯಿಲೆ ತಿರುಗಿ ಬರ್ಲಿಲ್ಲ. ಸತತ ಎರಡು ಸಲ ಪಾಸಿಟಿವ್ ಬಂದವರು 16 ಜನ, ಅವರಲ್ಲಿ 15 ಜನಕ್ಕೆ ಬಂತು. ಈ ಲೆಕ್ಕದ ಬಗ್ಗೆ ಸ್ವಲ್ಪ ಯೋಚಿಸಿ, ಸ್ಕ್ಯಾನ್ ಕೈಯಲ್ಲಿ ಇಂಥ ಉತ್ತರ ಸಿಗೋದು ಅಪರೂಪ. ಒಂದು ಎಚ್ಚರಿಕೆ ಮಾತ್ರ, ಚಿಕಿತ್ಸೆಗೆ ಮುಂಚೆ ಆ ರೋಗಿಯ ರಕ್ತದಲ್ಲಿ ಅದು ಪಾಸಿಟಿವ್ ಇತ್ತಾ ಅಂತ ಗೊತ್ತಿರಬೇಕು. ಮೊದಲೇ ಇಲ್ದಿದ್ರೆ ಆಮೇಲೆ ನೆಗೆಟಿವ್ ಬಂತು ಅಂತ ಸಮಾಧಾನ ಪಡೋದರಲ್ಲಿ ಅರ್ಥ ಇಲ್ಲ.

ಆದ್ರೆ ತಂಬಾಕು, ಅಡಿಕೆಯಿಂದ ಬಂದ ಬಾಯಿ ಕ್ಯಾನ್ಸರಲ್ಲಿ ವೈರಸ್ ಇಲ್ಲ. ಒಬ್ಬೊಬ್ಬರ ಗಡ್ಡೆ ಒಂದೊಂದು ಥರ. ಅದೂ ಅಲ್ದೆ ನಾವು ಶುರುವಲ್ಲಿ ಕೇಳಿದ ಪ್ರಶ್ನೆ ಕುತ್ತಿಗೆ ಗಂಟಿನದು, ಕ್ಯಾನ್ಸರ್ ಅಲ್ಲಿಗೆ ಹೋಗೋದು ರಕ್ತದ ದಾರಿಯಲ್ಲಿ ಅಲ್ಲ, ಲಿಂಫ್ ಅನ್ನೋ ತಿಳಿ ದ್ರವ ಹರಿಯೋ ನಾಳಗಳ ದಾರಿಯಲ್ಲಿ. ಲಿಂಫ್ ಕೊನೆಗೆ ಕುತ್ತಿಗೆ ಬುಡದ ದೊಡ್ಡ ರಕ್ತನಾಳಕ್ಕೆ ಹೋಗಿ ಸೇರತ್ತೆ ನಿಜ, ಆದ್ರೆ ಒಂದು ಗಂಟಿನಲ್ಲಿ ಒಂದೂವರೆ ಮಿಲಿಮೀಟರ್ ಕೂತಿರೋ ಕಾಯಿಲೆ ಐದು ಲೀಟರ್ ರಕ್ತಕ್ಕೆ ಎಷ್ಟು ಡಿಎನ್‌ಎ ಬಿಟ್ಟೀತು? ಜೊತೆಗೆ ಬಾಯಲ್ಲಿ ದೊಡ್ಡ ಗಡ್ಡೆ ಇನ್ನೂ ಇದ್ದಾಗ ರಕ್ತದಲ್ಲಿ ಸಿಕ್ಕ ಚೂರು ಬಾಯಿದಾ ಗಂಟಿದಾ ಅಂತ ಅದರ ಮೇಲೆ ಹೆಸರು ಬರೆದಿರಲ್ಲ. ಅದಕ್ಕೇ ಸದ್ಯಕ್ಕೆ ರಕ್ತ ಪರೀಕ್ಷೆ ಆಪರೇಷನ್‌ಗೆ ಮುಂಚೆ ಗಂಟಿನ ಬಗ್ಗೆ ಹೇಳೋದಕ್ಕಿಂತ, ಎಲ್ಲ ತೆಗೆದಾದ್ಮೇಲೆ ಏನಾದ್ರೂ ಉಳಿದಿದೆಯಾ ಅನ್ನೋದಕ್ಕೆ ಹೆಚ್ಚು ಉಪಯೋಗ. ಆಪರೇಷನ್ ಆದ್ಮೇಲೆ ಕುತ್ತಿಗೆಗೆ ಡ್ರೇನ್ ಅಂತ ಪೈಪ್ ಹಾಕಿರ್ತೀವಲ್ಲ, ಅದ್ರಲ್ಲಿ ಬರೋ ದ್ರವ ಬಹುಪಾಲು ಲಿಂಫ್, ನಾವು ಅಳೆದು ಚೆಲ್ಲೋದು. ಈಗ ಅದನ್ನೇ ಟೆಸ್ಟ್ ಮಾಡ್ತಿದ್ದಾರೆ, ಆಪರೇಷನ್ ಆದ ಮೊದಲ ದಿನ ರಕ್ತಕ್ಕಿಂತ ಅದ್ರಲ್ಲಿ ಗಡ್ಡೆ ಡಿಎನ್‌ಎ ಹೆಚ್ಚು ಸಿಗತ್ತೆ ಅಂತ ಕಂಡಿದೆ. ಎಂಜಲೂ ಅಷ್ಟೇ. 2015ರಲ್ಲಿ 93 ರೋಗಿಗಳ ಸ್ಟಡಿಯಲ್ಲಿ ಬಾಯೊಳಗಿನ ಗಡ್ಡೆ ಇದ್ದವರೆಲ್ಲರ ಎಂಜಲಲ್ಲೂ ಅದರ ಡಿಎನ್‌ಎ ಸಿಕ್ತು, ಗಂಟಲಿನ ಭಾಗದವಕ್ಕೆ ಪ್ಲಾಸ್ಮಾನೇ ಮೇಲು ಅನ್ನಿಸ್ತು.

ಹಂಗಾದ್ರೆ ಗಂಟಿನ ವಿಷಯದಲ್ಲಿ ರಕ್ತ ಪರೀಕ್ಷೆ ಎಷ್ಟು ಚೆನ್ನಾಗಿರಬೇಕು? ಲೆಕ್ಕಕ್ಕೋಸ್ಕರ ಸಾವಿರ ಜನ ಅಂತ ಇಟ್ಕೊಳ್ಳಿ, 250 ಜನಕ್ಕೆ ಗಂಟಿನಲ್ಲಿ ಅಡಗಿದೆ. ಟೆಸ್ಟ್ ನೂರಕ್ಕೆ ತೊಂಬತ್ತು ಹಿಡಿಯತ್ತೆ ಅಂದ್ರೆ 25 ಜನ ತಪ್ಪಿಹೋಗ್ತಾರೆ. ಕಾಯಿಲೆ ಇಲ್ಲದ 750ರಲ್ಲಿ ತೊಂಬತ್ತು ಪರ್ಸೆಂಟ್‌ಗೆ ಸರಿಯಾಗಿ ಇಲ್ಲ ಅಂದ್ರೆ 675 ಜನ. ಒಟ್ಟು 700 ಜನಕ್ಕೆ ನೆಗೆಟಿವ್, ಅವರಲ್ಲಿ 25 ಜನಕ್ಕೆ ಅಂದ್ರೆ ನೂರಕ್ಕೆ ಮೂರೂವರೆ ಜನಕ್ಕೆ ಕಾಯಿಲೆ ಇದೆ. ಇದು ಒಪ್ಪಬಹುದು, ಆ 700 ಜನಕ್ಕೆ ಆಪರೇಷನ್ ಬೇಡ ಅನ್ನಬಹುದು. ಆದ್ರೆ ಟೆಸ್ಟ್ ಬರೀ ಅರವತ್ತು ಹಿಡಿದ್ರೆ ತಪ್ಪಿಹೋಗೋರು ನೂರು ಜನ, ನೆಗೆಟಿವ್ ಬಂದ 775ರಲ್ಲಿ ಹದಿಮೂರು ಪರ್ಸೆಂಟ್. ಟಾಟಾ ಟ್ರಯಲ್ ನೆನಪಿಸ್ಕೊಳ್ಳಿ, ಆ ನೂರು ಜನರಿಗೆ ಕಾದಿದ್ದಕ್ಕೆ ಏನಾಗತ್ತೆ ಅಂತ ಆಗ್ಲೇ ನೋಡಿದ್ವಿ. ಇದಕ್ಕೆ ಪೈಪೋಟಿಯಾಗಿ ಸೆಂಟಿನೆಲ್ ನೋಡ್ ಬಯಾಪ್ಸಿ ಇದೆ, ಗಡ್ಡೆ ಸುತ್ತ ಬಣ್ಣ ಅಥವಾ ರೇಡಿಯೋ ಔಷಧಿ ಚುಚ್ಚಿ ಅದು ಮೊದಲು ಹೋಗಿ ಸೇರೋ ಒಂದೆರಡು ಗಂಟನ್ನ ಮಾತ್ರ ತೆಗೆದು ನೋಡೋದು. ಯುರೋಪಿನ 415 ರೋಗಿಗಳ ಸ್ಟಡಿಯಲ್ಲಿ ಅದು ನೂರಕ್ಕೆ 86 ಹಿಡೀತು, ನೆಗೆಟಿವ್ ಅಂದಾಗ 95 ಸಲ ಸರಿ ಇತ್ತು. ರಕ್ತ ಪರೀಕ್ಷೆ ಇದಕ್ಕಿಂತ ಮುಂದೆ ಹೋಗಿ ತೋರಿಸ್ಲಿ, ನಾನೇ ಮೊದಲು ಬಳಸ್ತೀನಿ.

ಇನ್ನೊಂದು ವಿಷಯ, ಇದು ನನ್ನನ್ನ ಬಹಳ ಕಾಡಿದ್ದು. ಹರಡತ್ತೆ ಅಂತ ಮೊದಲೇ ಗೊತ್ತಾದ್ರೆ ತಡೀಬಹುದು ಅಂತ ನಾವೆಲ್ಲ ಅಂದ್ಕೋತೀವಿ ಅಲ್ವಾ. ಹಾಂಗ್‌ಕಾಂಗಿನಲ್ಲೇ ಒಂದು ಟ್ರಯಲ್ ಆಯ್ತು, ರೇಡಿಯೇಷನ್ ಮುಗಿದ ಮೇಲೂ ರಕ್ತದಲ್ಲಿ ಇಬಿವಿ ಡಿಎನ್‌ಎ ಉಳಿದಿದ್ದವರನ್ನ ಹುಡುಕಿ ಅವರಲ್ಲಿ ಅರ್ಧ ಜನಕ್ಕೆ ಹೆಚ್ಚುವರಿ ಕೀಮೋ ಕೊಟ್ರು, ಇನ್ನರ್ಧ ಜನಕ್ಕೆ ಕೊಡ್ಲಿಲ್ಲ. 2018ರಲ್ಲಿ ಫಲಿತಾಂಶ ಬಂತು, ಎರಡೂ ಗುಂಪಿಗೆ ವ್ಯತ್ಯಾಸನೇ ಇಲ್ಲ. ರಕ್ತ ಪರೀಕ್ಷೆ ಹೇಳಿದ್ದು ನಿಜವಾಗಿತ್ತು, ಆ ಗುಂಪಲ್ಲಿ ಕಾಯಿಲೆ ತಿರುಗಿ ಬರೋದು ಜಾಸ್ತಿನೇ ಇತ್ತು, ಆದ್ರೆ ನಮ್ಮ ಕೈಲಿದ್ದ ಔಷಧಿ ಅದನ್ನ ಬದಲಾಯಿಸ್ಲಿಲ್ಲ. ಟೆಸ್ಟ್ ಒಳ್ಳೇದಾದ್ರೆ ಸಾಲದು, ಪಾಸಿಟಿವ್ ಬಂದವರಿಗೆ ಕೊಡೋಕೆ ಕೆಲಸ ಮಾಡೋ ಚಿಕಿತ್ಸೆ ಇರಬೇಕು. ಈಗ ಇಮ್ಯೂನೋಥೆರಪಿ (ನಮ್ಮ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸೋ ಔಷಧಿ) ಬಂದ್ಮೇಲೆ ಇದೇ ಪ್ರಶ್ನೆನ ಮತ್ತೆ ಕೇಳ್ತಿದ್ದಾರೆ, ಕೇಳಲೇಬೇಕು. ಹಾಗೇ ಚಿಕಿತ್ಸೆ ಕಡಿಮೆ ಮಾಡೋ ದಿಕ್ಕಲ್ಲೂ ಕೇಳಬೇಕು, ರಕ್ತ ಬೇಗ ಕ್ಲೀನ್ ಆದ ಎಚ್‌ಪಿವಿ ರೋಗಿಗೆ ಅಷ್ಟೊಂದು ರೇಡಿಯೇಷನ್ ಬೇಕಾ ಅಂತ. ಬಾಯಿ ಒಣಗಿ, ನುಂಗೋಕೆ ಕಷ್ಟಪಡ್ತಾ ವರ್ಷಾನುಗಟ್ಟಲೆ ಬದುಕೋ ಜನರನ್ನ ನೋಡಿದ ಯಾರಿಗಾದ್ರೂ ಆ ಪ್ರಶ್ನೆ ಎಷ್ಟು ಮುಖ್ಯ ಅಂತ ಗೊತ್ತಿರತ್ತೆ.

ಮಾತು ಮುಗಿದ್ಮೇಲೆ ಬಂದ ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದ್ರು, "ನನ್ನ ರಕ್ತ ಪರೀಕ್ಷೆ ಎಲ್ಲ ನಾರ್ಮಲ್ ಬಂದಿದೆ ಡಾಕ್ಟ್ರೇ, ಹಂಗಾದ್ರೆ ಹರಡಿಲ್ಲ ಅಂತ ತಾನೇ?" ಇಲ್ಲ ಸರ್. ಆಪರೇಷನ್‌ಗೆ ಮುಂಚೆ ಮಾಡೋ ಸಿಬಿಸಿ, ಲಿವರ್, ಕಿಡ್ನಿ ಟೆಸ್ಟ್ ಎಲ್ಲ ನೀವು ಅನಸ್ತೇಷಿಯಾ, ಕೀಮೋ ತಡ್ಕೋತೀರಾ ಅಂತ ನೋಡೋಕೆ. ಹರಡಿರೋದು ಅದ್ರಲ್ಲಿ ಗೊತ್ತಾಗಲ್ಲ. ಕಾಯಿಲೆ ಲಿವರ್‌ಗೋ ಮೂಳೆಗೋ ಚೆನ್ನಾಗಿ ಹೋದ್ಮೇಲೆ ಕೆಲವು ಅಂಕಿ ಏರಬಹುದು ಅಷ್ಟೇ, ಅದೂ ಗ್ಯಾರಂಟಿ ಇಲ್ಲ. ಈ ಕ್ಯಾನ್ಸರ್ ದೂರ ಹೋದ್ರೆ ಹೆಚ್ಚಾಗಿ ಹೋಗೋದು ಶ್ವಾಸಕೋಶಕ್ಕೆ, ಅದಕ್ಕೆ ಸ್ಕ್ಯಾನೇ ಬೇಕು.

ತಂದೆಗೆ ಚಿಕಿತ್ಸೆ ಮುಗಿಸಿರೋ ಒಬ್ಬ ಹುಡುಗಿ ಕೇಳಿದ್ಲು, ಸಿಟಿಡಿಎನ್‌ಎ ಟೆಸ್ಟ್ (ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಚೂರು ಹುಡುಕೋದು) ಮಾಡಿಸೋದಾ, ಆಮೇಲೆ ಅದಿದ್ರೆ ಪದೇಪದೇ ಆಸ್ಪತ್ರೆಗೆ ಬರೋದು ತಪ್ಪತ್ತಾ ಅಂತ. ಅವಳಿಗೆ ಹೇಳಿದ್ದು ಇಷ್ಟು. ನೋಡಮ್ಮ, ನಿಮ್ಮ ತಂದೆದು ಎಚ್‌ಪಿವಿ ಕ್ಯಾನ್ಸರಾ ಅಲ್ವಾ ಅಂತ ಮೊದಲು ರಿಪೋರ್ಟಲ್ಲಿ ನೋಡು, ಚಿಕಿತ್ಸೆಗೆ ಮುಂಚಿನ ರಕ್ತ ಪರೀಕ್ಷೆ ಇದೆಯಾ ಕೇಳು, ಪಾಸಿಟಿವ್ ಬಂದ್ರೆ ಮುಂದೆ ಏನ್ಮಾಡ್ತೀರಿ ಅಂತ ನಿಮ್ಮ ಡಾಕ್ಟರನ್ನೇ ಕೇಳು. ಅವರ ಹತ್ರ ಅದಕ್ಕೆ ಉತ್ತರ ಇದ್ರೆ ಮಾಡಿಸೋದರಲ್ಲಿ ಅರ್ಥ ಇದೆ, ಇಲ್ಲಾಂದ್ರೆ ಮನೆಮಂದಿಗೆಲ್ಲ ನಿದ್ದೆ ಕೆಡತ್ತೆ ಅಷ್ಟೇ. ಬರೋದು ಮಾತ್ರ ತಪ್ಪಿಸ್ಬೇಡಿ. ಮರುಕಳಿಸೋದು ಹೆಚ್ಚಿನದು ಮೊದಲ 2 ವರ್ಷದಲ್ಲೇ, ಅದಕ್ಕೆ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ಬಾಯಿ, ಕುತ್ತಿಗೆ ಮುಟ್ಟಿ ನೋಡಲೇಬೇಕು. ಇನ್ನೊಂದು ಕಾರಣ ಇದೆ, ಹಳೇ ಗಡ್ಡೆಯ ಮ್ಯುಟೇಷನ್ ಹಿಡ್ಕೊಂಡು ಹುಡುಕೋ ಟೆಸ್ಟ್‌ಗೆ ಹೊಸ ಕ್ಯಾನ್ಸರ್ ಕಾಣಲ್ಲ. ತಂಬಾಕು ಬಳಸಿದವರ ಬಾಯಿ, ಗಂಟಲಿನ ಒಳಪದರ ಎಲ್ಲ ಕಡೆ ಹಾಳಾಗಿರತ್ತೆ, ವರ್ಷಕ್ಕೆ ನೂರರಲ್ಲಿ ಎರಡು ಮೂರು ಜನಕ್ಕೆ ಬೇರೆ ಜಾಗದಲ್ಲಿ ಹೊಸದಾಗಿ ಶುರುವಾಗತ್ತೆ, ಅದರ ಮ್ಯುಟೇಷನ್ ಪಟ್ಟಿನೇ ಬೇರೆ. ರಕ್ತ ಕ್ಲೀನ್ ಅಂತ ರಿಪೋರ್ಟ್ ಕೈಲಿರುವಾಗ್ಲೇ ಕೆನ್ನೆಯ ಇನ್ನೊಂದು ಬದಿಯಲ್ಲಿ ಹುಣ್ಣು ಬೆಳೀತಿರಬಹುದು.

ಕೊನೆಯದಾಗಿ ಹಿಂದಿನ ಸಾಲಿಂದ ಒಬ್ಬರು ಕೇಳಿದ್ರು, ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಹರಡತ್ತೆ ಅಂತಾರಲ್ಲ ಸರ್, ಬಯಾಪ್ಸಿ ಬದಲು ರಕ್ತ ಪರೀಕ್ಷೆನೇ ಮಾಡಿಸ್ಕೊಂಡ್ರೆ ಆಗಲ್ವಾ ಅಂತ. ಆಗಲ್ಲ. ಕುತ್ತಿಗೆ ಗಂಟಿಗೆ ಸಣ್ಣ ಸೂಜಿ ಹಾಕಿ ತೆಗೆಯೋದ್ರಿಂದ ಹರಡೋದು ಅತಿ ಅಪರೂಪ, ಅದಕ್ಕೆ ಹೆದರಿ ಎರಡು ಮೂರು ತಿಂಗಳು ತಳ್ಳಿದವರಲ್ಲಿ ಗಡ್ಡೆ ಬೆಳೆದು ಆಪರೇಷನ್ ದೊಡ್ಡದಾಗಿದ್ದನ್ನ ನಾನು ಮತ್ತೆ ಮತ್ತೆ ನೋಡಿದ್ದೀನಿ. ಇವತ್ತು ಹೇಳಿದ ಟೆಸ್ಟ್‌ಗಳಲ್ಲಿ ಎಷ್ಟೋ ಶುರುವಾಗೋದೇ ಗಡ್ಡೆಯ ಚೂರಿಂದ, ಅದರ ಮ್ಯುಟೇಷನ್ ಓದದೆ ರಕ್ತದಲ್ಲಿ ಏನು ಹುಡುಕೋದು? ಬಾಯಲ್ಲಿ ಮೂರು ವಾರ ಆದ್ರೂ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಹೋಗದ ಗೊಗ್ಗರು ಧ್ವನಿ, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ಇಂಥದ್ದೇನಿದ್ರೂ ರಕ್ತ ಕೊಡೋಕೆ ಲ್ಯಾಬ್ ಹುಡುಕ್ಬೇಡಿ, ಮೊದಲು ಬಾಯಿ ತೆಗೆದು ಡಾಕ್ಟರಿಗೆ ತೋರ್ಸಿ, ಅವರು ಬಯಾಪ್ಸಿ ಬೇಕು ಅಂದ್ರೆ ಅದೇ ವಾರ ಮಾಡಿಸ್ಕೊಳ್ಳಿ.